ಕೆರೆ ಕಟ್ಟೋದು ಮಳೆ ಬಂದ ವರ್ಷಕ್ಕಲ್ಲ

ಇವತ್ತು ಮೊದಲಿಗೆ ಒಂದು ತಪ್ಪೊಪ್ಪಿಗೆ.

ರಾಜ್ಯ ಬಜೆಟ್ ಚರ್ಚೆಯ ಒಂದು ರಾತ್ರಿ, ಎದುರಿಗೆ ಕೂತಿದ್ದ ಹಿರಿಯ ರಂಗಕರ್ಮಿಯೊಬ್ಬರನ್ನ ನಾನು ಕೇಳಿದ್ದೆ: "ಸಾರ್, ಬರ ಇದೆ, ಖಜಾನೆ ಬಿಗಿಯಾಗಿದೆ. ಈಗ ಆಸ್ಪತ್ರೆಗೆ ಹಾಸಿಗೆ ಬೇಕಾ, ನಾಟಕ ಶಾಲೆಗೆ ಅನುದಾನ ಬೇಕಾ? ಒಂದೇ ಮಾತಲ್ಲಿ ಹೇಳಿ." ಅವರು ಒಂದು ಕ್ಷಣ ಸುಮ್ಮನಾದರು. ಆ ಮೌನವನ್ನೇ ಉತ್ತರ ಅಂತ ನಿಮಗೆ ತೋರಿಸಿ ನಾನು ಬ್ರೇಕ್‌ಗೆ ಹೋದೆ. ಆ ತುಣುಕು ಮೊಬೈಲುಗಳಲ್ಲಿ ಚೆನ್ನಾಗಿ ಓಡಿತು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳಲ್ಲ.

ಆ ಪ್ರಶ್ನೆಯೇ ತಪ್ಪು ಅಂತ ನನಗೆ ಗೊತ್ತಾಗಿದ್ದು ತಡವಾಗಿ, ಚನ್ನಗಿರಿ ತಾಲೂಕಿನ ಕೆರೆಬಿಳಚಿಯಲ್ಲಿ.

ಕೆರೆಬಿಳಚಿಗೆ ನಾನು ಹೋಗಿದ್ದು ಕೆರೆ ಸುದ್ದಿಗೆ. ಊರಿನ ಹೆಸರಲ್ಲೇ ಕೆರೆ ಇದೆ. ಪಕ್ಕದಲ್ಲೇ ಸೂಳೆಕೆರೆ, ಈಗಿನ ಸರ್ಕಾರಿ ಹೆಸರು ಶಾಂತಿಸಾಗರ. ನಾನು ಎಂಜಿನಿಯರಿಂಗ್ ಓದಿದವನು, ಕೆಲಸ ಮಾಡಿದ್ದು ಕ್ಯಾಮೆರಾ ಮುಂದೆ. ಆದರೂ ಆ ಏರಿ ಮೇಲೆ ನಿಂತಾಗ ಓದಿದ್ದೆಲ್ಲ ಒಂದು ಸಲ ನೆನಪಾಯ್ತು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಸಾವಿರ ಅಡಿಯೂ ಇಲ್ಲದ ಒಂದು ಏರಿ. ಹಿಂದೆ ನಿಲ್ಲೋ ನೀರು ಮಾತ್ರ 6,500 ಎಕರೆಗೆ! ಸಿದ್ಧನ ತೂಬು, ಬಸವನ ತೂಬು ಅಂತ ಎರಡು ತೂಬುಗಳು. ಕಟ್ಟಿ ಎಂಟುನೂರು ವರ್ಷ ಮೇಲಾಯ್ತು ಅಂತಾರೆ. ಇವತ್ತಿಗೂ ಗದ್ದೆಗೆ ನೀರು ಹೋಗ್ತಿದೆ, ಚಿತ್ರದುರ್ಗದ ಮನೆ ನಲ್ಲಿಗೂ ಹೋಗ್ತಿದೆ.

ಈ ಕೆರೆಯ ಕಥೆ ಆ ಕಡೆಯವರಿಗೆಲ್ಲ ಗೊತ್ತು. ಸ್ವರ್ಗಾವತಿ ಅನ್ನೋ ಪಟ್ಟಣದ ದೊರೆಯ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಜಾಗ ಬಿಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರಿರಬೇಕು ಅಂದರಂತೆ ಅವರು. ಶಾಂತವ್ವ ಒಪ್ಪಿದಳು. ಇದು ಐತಿಹ್ಯ, ಶಾಸನ ಅಲ್ಲ. ಆದರೆ ಯೋಚನೆ ಮಾಡಿ. ಆ ಕಾಲದಲ್ಲಿ ಹಾಡು, ಕುಣಿತ, ವಾದ್ಯ ಕಲಿತು ಕಲಿಸುತ್ತಿದ್ದ ಹೆಣ್ಣುಮಕ್ಕಳು ಹೆಚ್ಚಾಗಿ ಇದ್ದದ್ದು ಇಂಥ ಕೇರಿಗಳಲ್ಲೇ. ಊರಿಗೆ ನೀರು ಬಂತು, ಅವರ ಕೇರಿ ಮುಳುಗಿತು, ಉಳಿದದ್ದು ಹೆಸರು. ಆ ಹೆಸರು ಹೇಳೋದಕ್ಕೂ ಆಮೇಲೆ ನಮಗೆ ನಾಚಿಕೆ ಆಯ್ತು, ಬದಲಾಯಿಸಿದೆವು.

ಕೆರೆಬಿಳಚಿಯ ಒಂದು ಟೀ ಅಂಗಡಿಯಲ್ಲಿ ಕೂತಾಗ ಹಿರಿಯರೊಬ್ಬರು ನನ್ನ ಗುರುತು ಹಿಡಿದರು. "ನೀವೇ ಅಲ್ವೇನಪ್ಪ ಟಿವಿಲಿ ನಾಟಕದೋರಿಗೆ ದುಡ್ಡು ಯಾಕೆ ಅಂತ ಕೇಳಿದೋರು?" ಹೌದು ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಏರಿ ಕಡೆ ಕೈ ತೋರಿಸಿದರು. "ಕೆರೆ ಕಟ್ಟೋದು ಮಳೆ ಬಂದ ವರ್ಷಕ್ಕಲ್ಲಪ್ಪ. ಮಳೆ ಬಂದ ವರ್ಷ ಹಳ್ಳದಲ್ಲೇ ನೀರಿರ್ತದೆ." ಅಷ್ಟು ಹೇಳಿ ಟೀ ಕುಡಿದು ಎದ್ದು ಹೋದರು.

ಆ ಮಾತು ತಲೆಯಲ್ಲಿ ಉಳೀತು. ಬೆಂಗಳೂರಿಗೆ ವಾಪಸ್ ಬಂದು ಹಳೇದನ್ನ ಓದೋಕೆ ಶುರು ಮಾಡಿದೆ. ಕೆರೆಬಿಳಚಿಯಿಂದ ಪಶ್ಚಿಮಕ್ಕೆ, ಹೊನ್ನಾಳಿ ದಾಟಿದರೆ ಶಿಕಾರಿಪುರ ತಾಲೂಕು. ಅಲ್ಲಿ ಬಳ್ಳಿಗಾವಿ. ಕೇದಾರೇಶ್ವರ ದೇವಸ್ಥಾನದ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನ ಇದೆ. ಆ ಹೊತ್ತಿಗೆ ರಾಜ್ಯ ನೆಮ್ಮದಿಯಾಗೇನೂ ಇರಲಿಲ್ಲ. ಕಲ್ಯಾಣದ ಚಾಲುಕ್ಯರ ಸಿಂಹಾಸನವನ್ನ ಕಳಚುರಿ ಬಿಜ್ಜಳ ಕೈಗೆ ತಗೊಂಡಿದ್ದ ಸಮಯ. ನಾಳೆ ಯಾರ ಆಳ್ವಿಕೆ ಅಂತ ಯಾರಿಗೂ ಗ್ಯಾರಂಟಿ ಇಲ್ಲ. ಅಂಥ ಹೊತ್ತಲ್ಲಿ ಆ ಮಠಕ್ಕೆ ದತ್ತಿ ಸಿಗುತ್ತೆ.

ಆ ಮಠದಲ್ಲಿ ಏನೇನು ನಡೀತಿತ್ತು? ಶಾಸನ ಪಟ್ಟಿ ಕೊಡುತ್ತೆ. ವೇದ, ವ್ಯಾಕರಣ, ದರ್ಶನಗಳ ಪಾಠ. ಕಾವ್ಯ, ನಾಟಕಗಳ ಪಾಠ. ಬಡವರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಊಟ. ಹಾಡೋರಿಗೆ, ಬಾರಿಸೋರಿಗೆ, ಕುಣಿಯೋರಿಗೂ ಊಟ. ರೋಗಿಗಳಿಗೆ ಔಷಧಿ. ಎಲ್ಲ ಒಂದೇ ಸೂರಿನ ಕೆಳಗೆ, ಒಂದೇ ದತ್ತಿಯಲ್ಲಿ!

ವೀಕ್ಷಕರೇ, "ಆಸ್ಪತ್ರೆ ಬೇಕಾ, ನಾಟಕ ಬೇಕಾ" ಅಂತ ನಾನು ಕೇಳಿದ ಪ್ರಶ್ನೆಗೆ ಬಳ್ಳಿಗಾವಿಯವರು ಎಂಟೂವರೆ ಶತಮಾನದ ಹಿಂದೆಯೇ ಉತ್ತರ ಕಲ್ಲಲ್ಲಿ ಕೆತ್ತಿಟ್ಟಿದ್ದರು. ಅವರಿಗೆ ಅವು ಒಂದೇ ಮನೆಯ ಎರಡು ಕೋಣೆಗಳಾಗಿದ್ದವು.

ಆ ದುಡ್ಡು ಬರ್ತಿದ್ದ ದಾರಿ ಯಾವುದು? ಭೂಮಿ. ಇಷ್ಟು ಮತ್ತರು ಗದ್ದೆ ಇದಕ್ಕೆ ಬಿಟ್ಟಿದೆ ಅಂತ ಬರೆದಿಟ್ಟರೆ, ದೊರೆ ಬದಲಾದರೂ ಆ ಗದ್ದೆಯ ಬೆಳೆ ಆ ಕೆಲಸಕ್ಕೇ. ಕೆರೆ ರಿಪೇರಿಗೂ ಹಾಗೇ ಬಿತ್ತುವಟ್ಟ ಅಂತ ಜಮೀನು ಬಿಡ್ತಿದ್ದರು. ಅಂದರೆ ಹೂಳೆತ್ತೋ ಖರ್ಚಿಗೆ ಪ್ರತಿ ವರ್ಷ ಯಾರ ಮುಂದೆಯೂ ಕೈ ಚಾಚೋ ಹಾಗಿರಲಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಆ ವ್ಯವಸ್ಥೆಯೊಳಗೆ ದೊಡ್ಡ ಅನ್ಯಾಯ ಇತ್ತು. ದೇವಸ್ಥಾನದಲ್ಲಿ ಕುಣಿಯೋ ಹೆಣ್ಣಿಗೆ ಜಮೀನಿನ ಜೊತೆ ಬಿಡಿಸಿಕೊಳ್ಳಲಾಗದ ಒಂದು ಬಾಳೂ ಅಂಟಿಕೊಂಡು ಬರ್ತಿತ್ತು. ವಾದ್ಯ ಬಾರಿಸೋ ಜಾತಿಯವನು ಬಾರಿಸುತ್ತಲೇ ಇರಬೇಕಿತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿದ್ದು ಸರಿ. 1950ರ ದಶಕದಲ್ಲಿ ಇನಾಂ ಜಮೀನು ರದ್ದು ಮಾಡಿದ್ದೂ ಸರಿ, ಗೇಯೋ ರೈತನಿಗೆ ಅದರಿಂದ ಭೂಮಿ ಸಿಗೋ ದಾರಿ ಆಯ್ತು. ಆದರೆ ಒಂದು ಲೆಕ್ಕ ಬಾಕಿ ಉಳೀತು. ಆ ಭೂಮಿಯಿಂದ ನಡೀತಿದ್ದ ಕಲಿಕೆಯ ಖರ್ಚು ಇನ್ನು ಯಾರದ್ದು? ಸರ್ಕಾರದ್ದು ಅಂತಾಯ್ತು. ಅಂದರೆ ಬಜೆಟ್‌ದ್ದು. ಅಂದರೆ ಆ ವರ್ಷದ ಮಳೆಯದ್ದು.

ಕಷ್ಟಕಾಲದಲ್ಲಿ ಸರ್ಕಾರ ಕೈಕಟ್ಟಿ ಕೂರಲೇಬೇಕು ಅಂತೇನಿಲ್ಲ. ಮೊದಲ ಮಹಾಯುದ್ಧ 1914ರಲ್ಲಿ ಶುರುವಾಯ್ತು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಪರಿಷತ್ತು ಬೇಕು ಅನ್ನೋ ಸಲಹೆ ಬಂದಿದ್ದು ಎಲ್ಲಿಂದ ಗೊತ್ತಾ? ಕವಿಗಳ ಕೂಟದಿಂದ ಅಲ್ಲ. ಕೃಷಿ, ಕೈಗಾರಿಕೆ, ವ್ಯಾಪಾರ ಹೇಗೆ ಬೆಳೆಸೋದು ಅಂತ ಚರ್ಚೆ ಮಾಡ್ತಿದ್ದ ಮೈಸೂರು ಸಂಪದಭ್ಯುದಯ ಸಮಾಜದಿಂದ! ದುಡ್ಡಿನ ಲೆಕ್ಕ ಹಾಕೋಕೆ ಕೂತವರೇ ಭಾಷೆಗೊಂದು ಸಂಸ್ಥೆ ಬೇಕು ಅಂದರು. ನಮ್ಮ ಎಂಜಿನಿಯರುಗಳು ವಿಶ್ವೇಶ್ವರಯ್ಯನವರ ಕನ್ನಂಬಾಡಿ ನೆನಪಿಟ್ಟುಕೊಂಡಿದ್ದೇವೆ, ಇದನ್ನ ಮರೆತಿದ್ದೇವೆ.

ಹೊರದೇಶದಲ್ಲೂ ಎರಡು ದಾರಿ ಕಾಣುತ್ತೆ. ಮಹಾ ಆರ್ಥಿಕ ಕುಸಿತದಲ್ಲಿ, 1935ರಲ್ಲಿ, ಅಮೆರಿಕ ಕೆಲಸ ಕಳಕೊಂಡ ನಟರಿಗೆ, ಚಿತ್ರಕಾರರಿಗೆ ಸರ್ಕಾರಿ ಸಂಬಳ ಕೊಟ್ಟು ಕೆಲಸ ಮಾಡಿಸಿತು. ಆದರೆ ಅದರ ರಂಗಭೂಮಿ ಯೋಜನೆಯನ್ನ 1939ರಲ್ಲಿ ಅಲ್ಲಿನ ಸಂಸತ್ತು ರಾಜಕೀಯದ ಜಗಳದಲ್ಲಿ ಮುಚ್ಚಿಬಿಟ್ಟಿತು. ಬ್ರಿಟನ್ನು 1940ರಲ್ಲಿ, ಯುದ್ಧದ ನಡುವೆ, ಸಂಗೀತ ಮತ್ತು ಕಲೆಗೆ ಪ್ರೋತ್ಸಾಹ ಕೊಡೋ ಸಮಿತಿಯೊಂದನ್ನ ಶುರು ಮಾಡಿತು. ಆಮೇಲೆ ಅದರ ಅಧ್ಯಕ್ಷರಾದವರು ಅರ್ಥಶಾಸ್ತ್ರಜ್ಞ ಕೇನ್ಸ್. 1946ರಲ್ಲಿ ಅದೇ ಆರ್ಟ್ಸ್ ಕೌನ್ಸಿಲ್ ಆಗಿ ಗಟ್ಟಿಯಾಗಿ ನಿಂತಿತು. ಒಂದು ಕಡೆ ನೀರು ಹರೀತು ಹೋಯ್ತು. ಇನ್ನೊಂದು ಕಡೆ ಕಟ್ಟೆ ಉಳೀತು.

ನನ್ನ ಸ್ನೇಹಿತರು ಕೇಳ್ತಾರೆ: "ಗುಬ್ಬಿ ಕಂಪನಿಗೆ ಯಾವ ಅನುದಾನ ಇತ್ತಪ್ಪ? ಟಿಕೆಟ್ ಮಾರಿ ಬದುಕಲಿಲ್ವಾ?" ನಿಜ. ನಮ್ಮ ದಾವಣಗೆರೆಯ ಚಿಂದೋಡಿ ಮನೆತನದ ಕಂಪನಿಯೂ ಟಿಕೆಟ್ ಮಾರಿಯೇ ಊರೂರು ಸುತ್ತಿತು. ಆದರೆ ಆ ಕಂಪನಿಗಳು ಬರೀ ನಾಟಕ ಆಡಲಿಲ್ಲ, ಕಲಿಸಿದವು ಕೂಡ. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತ ಅನ್ನೋ ಹುಡುಗನನ್ನ ಗುಬ್ಬಿ ಕಂಪನಿ ಸಾಕಿತು. ಗುಬ್ಬಿ ವೀರಣ್ಣನವರೇ ಅವರನ್ನ ಓದೋಕೆ ಬನಾರಸ್‌ಗೆ ಕಳಿಸಿದರು. ಅಲ್ಲಿಂದ ಮುಂದೆ ಕಾರಂತರು ಕಲಿತದ್ದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಸಾರ್ವಜನಿಕ ದುಡ್ಡಲ್ಲಿ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದನ್ನ ಕಟ್ಟಿದವರು ಅವರೇ. ಟಿಕೆಟ್ಟಿನ ದುಡ್ಡು ಮತ್ತು ತೆರಿಗೆಯ ದುಡ್ಡು, ಎರಡೂ ಸೇರಿ ಒಬ್ಬ ಕಾರಂತ ಆದರು. ಸಿನಿಮಾ, ಟಿವಿ ಬಂದು ಕಂಪನಿಗಳು ಒಂದೊಂದೇ ಬಾಗಿಲು ಹಾಕಿದವು. ಬರೀ ನಾಟಕ ನಿಲ್ಲಲಿಲ್ಲ, ಶಾಲೆಗಳೂ ನಿಂತವು. ಆ ಖಾಲಿ ಜಾಗ ತುಂಬೋಕೆ ಟಿಕೆಟ್ ಸಾಲದು. ಈಗ ದಾವಣಗೆರೆಗೆ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ಬಂದಿದೆ. ಅದಕ್ಕೆ ಅರ್ಥ ಇದೇ.

2021ರ ಮೇ ನೆನಪಿದೆಯಾ? ಕೊರೊನಾ ಎರಡನೇ ಅಲೆ. ಜಾತ್ರೆ ಇಲ್ಲ, ನಾಟಕ ಇಲ್ಲ, ಮದುವೆ ವಾದ್ಯ ಇಲ್ಲ. ರಾಜ್ಯ ಸರ್ಕಾರ 1,250 ಕೋಟಿಗೂ ಹೆಚ್ಚಿನ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ. ಕೊಟ್ಟಿದ್ದು ಒಳ್ಳೇದೇ, ನಾನು ಹಾಸ್ಯ ಮಾಡಲ್ಲ. ಆದರೆ 3,000 ರೂಪಾಯಿ ಟ್ಯಾಂಕರ್ ನೀರು. ಒಂದು ದಿನದ ಬಾಯಾರಿಕೆಗೆ ಆಗುತ್ತೆ, ಗದ್ದೆಗೆ ಆಗಲ್ಲ. ಮೇಷ್ಟ್ರಿಲ್ಲದೆ ಎರಡು ವರ್ಷ ಕಳೆದ ಮದ್ದಳೆ ಹುಡುಗ ಮೂರನೇ ವರ್ಷ ವಾಪಸ್ ಬರ್ತಾನಾ? ರಸ್ತೆ ಕಾಮಗಾರಿ ಎರಡು ವರ್ಷ ನಿಂತರೆ ಮತ್ತೆ ಶುರು ಮಾಡಬಹುದು. ಗುರುವಿನಿಂದ ಶಿಷ್ಯನಿಗೆ ಹೋಗೋ ವಿದ್ಯೆ ನಡುವೆ ಕಡಿದರೆ ಅದಕ್ಕೆ ಮರು ಟೆಂಡರ್ ಇಲ್ಲ.

ಎಂಜಿನಿಯರಿಂಗಿನಲ್ಲಿ ಜಲಾಶಯದ ಬಗ್ಗೆ ಒಂದು ಪಾಠ ಇರುತ್ತೆ. ಒಳ್ಳೇ ವರ್ಷದ ನೀರನ್ನ ಪೂರ್ತಿ ಖಾಲಿ ಮಾಡದೆ ಕೆಟ್ಟ ವರ್ಷಕ್ಕೆ ಉಳಿಸಿಡಬೇಕು. ನಮ್ಮ ಅಕಾಡೆಮಿಗಳಿಗೆ, ನಾಟಕ ಶಾಲೆಗಳಿಗೆ, ಸರ್ಕಾರಿ ಹೈಸ್ಕೂಲಿನ ಸಂಗೀತ-ಚಿತ್ರಕಲೆ ಮೇಷ್ಟ್ರುಗಳಿಗೆ ಬೇಕಾಗಿರೋದು ಅದೇ. ತೆರಿಗೆ ಚೆನ್ನಾಗಿ ಬಂದ ವರ್ಷ ಒಂದು ಇಡುಗಂಟು ಕಟ್ಟಿ. ಅದರ ಬಡ್ಡಿ ಕಲಿಸೋದಕ್ಕೆ ಮಾತ್ರ ಖರ್ಚಾಗಲಿ, ಸನ್ಮಾನದ ಶಾಲು-ಹಾರಕ್ಕೆ, ಉತ್ಸವದ ಪೆಂಡಾಲಿಗೆ ಬೇಡ. ಹಳೇ ದತ್ತಿಯ ತಪ್ಪು ಮತ್ತೆ ಆಗದಿರಲಿ. ತೂಬಿನ ಕೀಲಿ ಒಬ್ಬರ ಕೈಯಲ್ಲಿ ಬೇಡ, ಲೆಕ್ಕ ಎಲ್ಲರಿಗೂ ಕಾಣಲಿ, ಯಾವ ಜಾತಿಯ ಮಗು ಯಾವ ವಾದ್ಯ ಬೇಕಾದರೂ ಕಲೀಲಿ.

ಆ ಹಿರಿಯ ರಂಗಕರ್ಮಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ನಕ್ಕರು. "ಅವತ್ತು ನಾನು ಉತ್ತರ ಇಲ್ಲದೆ ಸುಮ್ಮನಾಗಿರಲಿಲ್ಲಪ್ಪ. ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸ್ತಿದ್ದೆ. ನೀವು ಬ್ರೇಕ್ ತಗೊಂಡ್ರಿ."

ಇವತ್ತು ಬ್ರೇಕ್ ಇಲ್ಲ, ವೀಕ್ಷಕರೇ. ಮುಂದಿನ ಬಜೆಟ್ ದಿನ ಅವರನ್ನ ಮತ್ತೆ ಕರೀತೀನಿ. ಅವರು ಮಾತು ಮುಗಿಸೋ ತನಕ ನಾನು ಸುಮ್ಮನಿರ್ತೀನಿ.