ಬಾಲೂಗೆ ಚೆಂಡು ಸಿಕ್ಕಿತು, ಬ್ಯಾಟು ಸಿಗಲಿಲ್ಲ

"ಮಕ್ಕಳನ್ನ ಅವರ ಪಾಡಿಗೆ ಬಿಟ್ಟುಬಿಡಿ, ಆಡ್ತಾ ಆಡ್ತಾ ತಾವೇ ಕಲೀತಾರೆ." ಈ ಮಾತು ಇತ್ತೀಚೆಗೆ ಎಲ್ಲ ಕಡೆ ಕೇಳಿಬರ್ತಿದೆ. ಕೈತುಂಬ ಸಂಬಳ ಇರೋ ಕೆಲವು ತಂದೆ ತಾಯಿ ಮಕ್ಕಳನ್ನ ಶಾಲೆ ಬಿಡಿಸಿ, ಮನೆಯಲ್ಲೇ ಇಟ್ಕೊಂಡು, ಅವರಿಗೆ ಇಷ್ಟ ಬಂದಿದ್ದನ್ನ ಕಲಿಯೋಕೆ ಬಿಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗು ಆಟದಿಂದ ಕಲಿಯುತ್ತೆ ಅನ್ನೋದು ನಿಜವೇ. ಆದರೆ ಈ ಮಾತಿಗೆ ನಮ್ಮ ಕಡೆಯಿಂದಲೂ ಒಂದು ಚರಿತ್ರೆ ಇದೆ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಇದು ಶುರುವಾಗೋದು ನಮ್ಮ ಧಾರವಾಡದಿಂದ.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮಹಾರ್ ಸಮುದಾಯದ ಒಬ್ಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಸೇರಿಸ್ಕೊಳ್ಳಿ ಅಂತ ಕೇಳಿದ. ಸೇರಿಸ್ಕೊಳ್ಳಲಿಲ್ಲ. ಸರ್ಕಾರಕ್ಕೇ ಅರ್ಜಿ ಹೋಯ್ತು. ಮುಂಬೈ ಸರ್ಕಾರದ ಉತ್ತರದ ಸಾರಾಂಶ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬ ಮಹಾರ್ ಹುಡುಗನಿಗೋಸ್ಕರ ಮಿಕ್ಕವರಿಗೆಲ್ಲ ಶಾಲೆ ಉಪಯೋಗಕ್ಕೆ ಬಾರದ ಹಾಗೆ ಮಾಡೋಕಾಗಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂದರು. ಕಾಗದದ ಮೇಲೆ ಬಾಗಿಲು ತೆರೀತು. ಊರುಗಳಲ್ಲಿ ಅದು ತೆರೆಯೋಕೆ ಎಷ್ಟು ತಲೆಮಾರು ಬೇಕಾಯ್ತು ಅನ್ನೋದು ನಿಮಗೇ ಗೊತ್ತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಶಿಕ್ಷಣದ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನ ಮರೆಯದೆ ದಾಖಲಿಸಿದ್ದಾರೆ.

ಆ ಅರ್ಜಿಯಾಗಿ 20 ವರ್ಷಕ್ಕೆ, 1876ರಲ್ಲಿ, ಅದೇ ಧಾರವಾಡದಲ್ಲಿ ಚಮ್ಮಾರ ಸಮುದಾಯದ ಒಂದು ಮಗು ಹುಟ್ಟಿತು. ಹೆಸರು ಪಲ್ವಂಕರ್ ಬಾಲೂ. ಅಪ್ಪನಿಗೆ ಸೇನೆಯಲ್ಲಿ ಕೆಲಸ, ಹಾಗಾಗಿ ಬಾಲೂ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಕಿದ ಕ್ರಿಕೆಟ್ ಸಾಮಾನು ಇಟ್ಕೊಂಡು ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ನೋಡ್ಕೊಂಡು, ಆಡ್ಕೊಂಡು ಕಲಿತದ್ದು. ಇವತ್ತಿನವರು ಯಾವುದನ್ನ ಸ್ವಯಂ ಕಲಿಕೆ ಅಂತಾರೋ, ಅದೇ ಇದು.

ಆದರೆ ಆಟದ ಕಾಲ ಬೇಗ ಮುಗೀತು. ಮನೆಗೆ ದುಡ್ಡು ಬೇಕಿತ್ತು. ಹುಡುಗ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ಮೈದಾನ ಗುಡಿಸೋ ಕೆಲಸಕ್ಕೆ ಸೇರಿದ. ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಕ್ಲಬ್ಬು. ತಿಂಗಳಿಗೆ 4 ರೂಪಾಯಿ. ಪಿಚ್ ಮೇಲೆ ರೋಲರ್ ಎಳೀಬೇಕು, ನೆಟ್ ಕಟ್ಟಬೇಕು, ಸಾಹೇಬರು ಬ್ಯಾಟಿಂಗ್ ಅಭ್ಯಾಸಕ್ಕೆ ಬಂದರೆ ಬೌಲಿಂಗ್ ಮಾಡಬೇಕು. ಬಾಲೂ ಎಡಗೈಯಲ್ಲಿ ಚೆಂಡು ತಿರುಗಿಸ್ತಿದ್ದರು. ಜೆ.ಜಿ. ಗ್ರೇಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್, ತನ್ನನ್ನ ಔಟ್ ಮಾಡಿದಾಗೆಲ್ಲ ಎಂಟಾಣೆ ಕೊಡ್ತಿದ್ದ ಅಂತ ಒಂದು ಕಥೆ ಇದೆ.

ನನ್ನ ಮನಸ್ಸಿಗೆ ನಾಟಿದ್ದು ಆ ಎಂಟಾಣೆ ಕಥೆಗಿಂತ ಇನ್ನೊಂದು ವಿಷಯ. ಬಾಲೂ ತಮ್ಮ ಮಗನಿಗೆ ಹೇಳಿದ್ದು ಅಂತ ರಾಮಚಂದ್ರ ಗುಹಾ ಬರೆದಿದ್ದಾರೆ: ಆ ಕ್ಲಬ್ಬಿನಲ್ಲಿ ನೂರಾರು ಗಂಟೆ ಬೌಲಿಂಗ್ ಮಾಡಿದರೂ ಒಂದೇ ಒಂದು ಸಲ ಬ್ಯಾಟ್ ಮಾಡೋ ಅವಕಾಶ ಕೊಡಲಿಲ್ಲ.

ಯೋಚನೆ ಮಾಡಿ. ಬ್ಯಾಟಿಂಗ್ ದೊರೆಗಳ ಆಟ. ಬಿಸಿಲಲ್ಲಿ ಓಡಿ ಬಂದು ಚೆಂಡೆಸೆಯೋದು ಬೆವರಿನ ಕೆಲಸ, ಅದನ್ನ ಆಳಿಗೆ ಬಿಡಬಹುದಿತ್ತು. ಬಾಲೂ ತಾವೇ ಕಲಿತರು, ಹೌದು. ಆದರೆ ಏನನ್ನ ಕಲೀಬೇಕು ಅನ್ನೋದನ್ನ ಬೇರೆಯವರು ನಿರ್ಧರಿಸಿದ್ದರು. ಅವರಿಗೆ ಅದು ಅಭ್ಯಾಸ, ಇವರಿಗೆ ಅದು ಕೂಲಿ. ಆ ಕೂಲಿಯ ಒಳಗೇ ಆಟವನ್ನ ಕದ್ದುಕೊಂಡು ಬೆಳೆಸಿಕೊಂಡದ್ದು ಆ ಹುಡುಗನ ದೊಡ್ಡತನ.

ಮುಂದಿನದು ಬಹಳ ಜನಕ್ಕೆ ಗೊತ್ತು. ಗೆಲ್ಲಬೇಕು ಅಂದಾಗ ಪುಣೆಯ ಹಿಂದೂಗಳಿಗೆ ಬಾಲೂ ಬೇಕಾಯ್ತು. ಮೈದಾನದಲ್ಲಿ ಅದೇ ಚೆಂಡನ್ನ ಎಲ್ಲರೂ ಮುಟ್ಟಬಹುದು. ಟೀ ಹೊತ್ತಿಗೆ ಮಾತ್ರ ಬಾಲೂಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್ನುಗಳಿಂದ ಸೋಲಿಸಿತು. ಬಾಲೂ, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ತೆಗೆದ ವಿಕೆಟ್ 114. ಇಷ್ಟಾದರೂ ಅವರನ್ನ ಹಿಂದೂ ತಂಡದ ನಾಯಕನನ್ನಾಗಿ ಆರಿಸಲಿಲ್ಲ. ಆ ಜಾಗಕ್ಕೆ ತಮ್ಮ ವಿಠ್ಠಲ ಬರೋಕೆ 1923 ಆಗಬೇಕಾಯ್ತು.

'ಲಗಾನ್' ಸಿನಿಮಾದ ಕಚ್ರಾನನ್ನ ನೋಡಿದಾಗ ಬಾಲೂ ನೆನಪಾಗ್ತಾರೆ ಅಂತ ಸುಮಾರು ಜನ ಹೇಳ್ತಾರೆ. ನನಗೆ ಅಲ್ಲೇ ಒಂದು ತಕರಾರಿದೆ. ಸಿನಿಮಾದಲ್ಲಿ ಕಚ್ರಾನ ಸೊಟ್ಟ ಕೈಯಿಂದ ಚೆಂಡು ತಾನಾಗೇ ತಿರುಗುತ್ತೆ, ಪವಾಡದ ಹಾಗೆ. ಬಾಲೂ ಕೈ ತಿರುಗಿದ್ದು ದಿನಾ ಗಂಟೆಗಟ್ಟಲೆ ಎಸೆದು ಎಸೆದು. ನಮ್ಮವರ ಶ್ರಮವನ್ನ, ಬುದ್ಧಿಯನ್ನ ಪವಾಡ ಮಾಡಿಬಿಟ್ಟರೆ ಒಂದು ಅನುಕೂಲ ಇದೆ: ಅವರಿಗೆ ಕಲಿಯೋಕೆ ಬಿಡದೇ ಇದ್ದದ್ದಕ್ಕೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ.

(1937ರ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ ಟಿಕೆಟ್ ಮೇಲೆ ಬಾಬಾಸಾಹೇಬರ ವಿರುದ್ಧ ನಿಂತಿರಲಿಲ್ವಾ ಅಂತ ಕೇಳೋರಿಗೆ: ಹೌದು, ನಿಂತಿದ್ದರು, ಸೋತರು. ಅದರ ಬಗ್ಗೆ ಬೇರೆಯೇ ಬರೀಬೇಕು. ಅದಕ್ಕೋಸ್ಕರ ಆ ಹುಡುಗನ ಬಾಲ್ಯವನ್ನ ಮರೆಯೋಕಾಗಲ್ಲ.)

ಬಾಬಾಸಾಹೇಬರ ಕಥೆಯೂ ಇದೇ ದಾರಿಯದು. ಶಾಲೆಯಲ್ಲಿ ಸಂಸ್ಕೃತ ಕಲಿಯೋಕೆ ಬಿಡಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಮುಂದೆ ಸಂಸ್ಕೃತವನ್ನ ತಾವೇ ಕಲಿತರು. ನಮ್ಮಲ್ಲಿ ಸ್ವಯಂ ಕಲಿಕೆ ಬಹಳ ಸಲ ಮುಚ್ಚಿದ ಬಾಗಿಲಿನ ಮುಂದೆ ಹುಟ್ಟಿದ್ದು.

ನಮ್ಮ ಕೇರಿಗಳಲ್ಲೂ ಚಿನ್ನಿದಾಂಡು, ಗೋಲಿ, ಲಗೋರಿ ಎಲ್ಲ ಇದ್ವು. ನಾನೂ ಆಡಿದ್ದೀನಿ. ಗುರಿ, ಲೆಕ್ಕ, ಜಗಳ ಬಗೆಹರಿಸೋದು ಎಲ್ಲ ಅಲ್ಲೇ ಕಲಿತದ್ದು. ಆದರೆ ಚಿನ್ನಿ ಹಾರಿ ಮೇಲ್ಜಾತಿಯವರ ಅಂಗಳಕ್ಕೆ ಬಿದ್ದರೆ ಆವತ್ತಿನ ಆಟ ಅಲ್ಲಿಗೆ ಮುಗೀತು. ಹೋಗಿ ತರೋ ಹಾಗಿರಲಿಲ್ಲ. ನಮ್ಮ ಹಿಂದಿನ ತಲೆಮಾರಿಗಂತೂ ಆ ಆಟದ ವಯಸ್ಸೇ ಪೂರ್ತಿ ಸಿಗಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತ. ಬೆಳಗಾದರೆ ಗೌಡರ ದನ, ಕತ್ತಲಾದರೆ ಗೌಡರ ಕೊಟ್ಟಿಗೆ. ಜೀತ ರದ್ದು ಮಾಡೋ ಕಾಯ್ದೆ ಬಂದದ್ದು 1976ರಲ್ಲಿ, ಬಾಲೂ ಹುಟ್ಟಿ 100 ವರ್ಷ ಆದಮೇಲೆ.

ಹಾಗಾಗಿ "ಶಾಲೆ ಯಾಕೆ ಬೇಕು, ಆಟ ಸಾಕು" ಅನ್ನೋರಿಗೆ ನನ್ನ ಮಾತು ಇಷ್ಟೇ. ನಿಮ್ಮ ಮಗು ಶಾಲೆ ಬಿಟ್ಟರೂ ಮನೆಯಲ್ಲಿ ಪುಸ್ತಕ ಇದೆ, ಇಂಗ್ಲಿಷ್ ಇದೆ, ನಾಳೆ ಬೇಕು ಅಂದರೆ ವಾಪಸ್ ಸೇರಿಸ್ಕೊಳ್ಳೋ ಶಾಲೆ ಇದೆ. ನಮ್ಮ ಮಗು ಶಾಲೆ ಬಿಟ್ಟರೆ ಗಾರೆ ಕೆಲಸ, ಗ್ಯಾರೇಜು. ನಮಗೆ ಶಾಲೆಯೂ ಬೇಕು, ಆಟವೂ ಬೇಕು. ಒಂದನ್ನ ತೋರಿಸಿ ಇನ್ನೊಂದನ್ನ ಕಿತ್ಕೋಬೇಡಿ.

ನಮ್ಮವರಿಗೂ ಒಂದು ಮಾತು. ಓದು ಓದು ಅಂತ ಆಡೋ ಮಗುವಿನ ಬೆನ್ನಿಗೆ ಗುದ್ದಬೇಡಿ. ನೀವು ಯಾಕೆ ಹೆದರ್ತೀರಿ ಅಂತ ನನಗೆ ಗೊತ್ತು. ಆದರೆ ಆಟವೂ ನಮಗೆ ಸಿಗದೇ ಹೋದ ಆಸ್ತಿಯೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಶಾಲೆಗೆ ಆಟದ ಮೈದಾನ ಇರಬೇಕು, ಗ್ರಂಥಾಲಯ ಇರಬೇಕು, ಮಕ್ಕಳಿಗೆ ಆಟದ ಸಾಮಾನು ಕೊಡಬೇಕು ಅಂತ ಅದರಲ್ಲೇ ಬರೆದಿದೆ. ಇದು ಯಾರ ದಾನವೂ ಅಲ್ಲ, ಕಾನೂನು. ನಿಮ್ಮ ಕೇರಿಯ ಮಕ್ಕಳು ಹೋಗೋ ಸರ್ಕಾರಿ ಶಾಲೆಯಲ್ಲಿ ಮೈದಾನ ಇದೆಯಾ? ಇದ್ದರೆ ಅದಕ್ಕೆ ಬೇಲಿ ಹಾಕಿದವರು ಯಾರು? ಆಟದ ಸಾಮಾನು ಹೆಡ್‌ಮಾಸ್ಟರ್ ರೂಮಿನ ಬೀರುವಿನಲ್ಲಿ ಬೀಗ ಹಾಕ್ಕೊಂಡು ಕೂತಿದೆಯಾ? ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ. ಹೆಣ್ಣುಮಕ್ಕಳಿಗೂ ಮೈದಾನದಲ್ಲಿ ಜಾಗ ಇದೆಯಾ ಅಂತಲೂ ಕೇಳಿ.

ಈ ಸಲ ನಮ್ಮ ಮಕ್ಕಳಿಗೆ ಚೆಂಡಿನ ಜೊತೆ ಬ್ಯಾಟೂ ಸಿಗಬೇಕು.

ಜೈಭೀಮ್.