ಹಾವು ಸಾಕಲು ಬಯಸುವವರ ಗಮನಕ್ಕೆ: ಕಾನೂನು ಮತ್ತು ಸುರಕ್ಷಿತ ವಸತಿ

ತುಮಕೂರು ನಗರ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ತೆಂಗಿನ ತೋಟ, ರಾಗಿ ಹೊಲ, ಕೆರೆಯಂಗಳ ಮತ್ತು ಜನವಸತಿ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಮನೆಯ ಸುತ್ತ ಹಾವು ಕಾಣಿಸಿಕೊಳ್ಳುವುದು ಸಾಮಾನ್ಯ. ಇಂತಹ ಹಾವನ್ನು ಹಿಡಿದು ಸಾಕಬಹುದೇ, ವಿದೇಶಿ ಹಾವನ್ನು ಇಟ್ಟುಕೊಳ್ಳಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಸ್ಥಳೀಯ ಹಾವುಗಳನ್ನು ಸಾಕುವಂತಿಲ್ಲ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಡಿ ಸಂರಕ್ಷಿತ ಹಾವನ್ನು ಹಿಡಿಯುವುದೂ ಬೇಟೆಯೆಂದೇ ಪರಿಗಣಿತವಾಗುತ್ತದೆ. ದಿನಾಂಕ 1-4-2023ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ನಾಗರಹಾವು, ಕೊಳಕುಮಂಡಲ, ಕೇರೆಹಾವು ಹಾಗೂ ಹೆಬ್ಬಾವು ಅನುಸೂಚಿ 1ರಲ್ಲಿವೆ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ಕನಿಷ್ಠ ರೂ. 25,000 ದಂಡ ವಿಧಿಸಬಹುದಾಗಿದೆ. ಹಾವು ವಿಷರಹಿತವೆಂಬುದಾಗಲಿ, ಮನೆಯೊಳಗೇ ಸಿಕ್ಕಿತೆಂಬುದಾಗಲಿ ಅದನ್ನು ಇಟ್ಟುಕೊಳ್ಳಲು ಕಾರಣವಾಗುವುದಿಲ್ಲ.

ಎರಡು ತಲೆ ಹಾವೆಂದು ಕರೆಯಲಾಗುವ ಮಣ್ಣುಮುಕ್ಕ ಹಾವು ಅದೃಷ್ಟ ತರುತ್ತದೆ, ನಿಧಿ ತೋರಿಸುತ್ತದೆ ಎಂಬ ಮಾತಿಗೆ ಯಾವುದೇ ಆಧಾರವಿಲ್ಲ. ಮೊಂಡಾದ ಬಾಲವು ತಲೆಯಂತೆ ಕಾಣುವುದೇ ಈ ಹೆಸರಿಗೆ ಕಾರಣ. ಇದರ ಮಾರಾಟ ಮತ್ತು ಖರೀದಿ ಎರಡೂ ಅಪರಾಧ. ನಾಗರಪಂಚಮಿಯಂದು ಹಾವನ್ನು ಹಿಡಿದು ಪ್ರದರ್ಶಿಸುವುದೂ ನಿಷಿದ್ಧ. ಹಾಲು ಹಾವಿನ ಆಹಾರವಲ್ಲ.

ವಿದೇಶಿ ಹಾವುಗಳ ನೋಂದಣಿ

ಬಾಲ್ ಪೈಥಾನ್‌ನಂತಹ ವಿದೇಶಿ ಹಾವುಗಳು ಅಧಿನಿಯಮದ ಅನುಸೂಚಿ 4ರ ವ್ಯಾಪ್ತಿಗೆ ಬರುತ್ತವೆ. 2024ರ ನಿಯಮಗಳನ್ವಯ ಅವುಗಳನ್ನು ಹೊಂದಿರುವವರು ಕೇಂದ್ರ ಸರ್ಕಾರದ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ದಾಖಲೆಯಿಲ್ಲದ ಹಾವನ್ನು ಖರೀದಿಸಬಾರದು.

ಸುರಕ್ಷಿತ ವಸತಿ

ನೋಂದಾಯಿತ ಹಾವನ್ನು ತರುವ ಮೊದಲೇ ಅದರ ವಸತಿ ಸಿದ್ಧವಿರಬೇಕು.

1. ಬೆಳೆದ ಬಾಲ್ ಪೈಥಾನ್‌ಗೆ ಸುಮಾರು 4 ಅಡಿ ಉದ್ದದ ಪೆಟ್ಟಿಗೆ ಬೇಕು. ಬಾಗಿಲಿಗೆ ಬೀಗವಿರಬೇಕು, ಗಾಳಿಕಿಂಡಿಗಳು ಹಾವಿನ ತಲೆಗಿಂತ ಕಿರಿದಾಗಿರಬೇಕು. ತಲೆ ತೂರಿದಲ್ಲಿ ದೇಹವೂ ತೂರುತ್ತದೆ.
2. ಹಾವು ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಆದ್ದರಿಂದ ಒಂದು ಬದಿ ಸುಮಾರು 31 ಡಿಗ್ರಿ, ಇನ್ನೊಂದು ಬದಿ ಸುಮಾರು 26 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಬೇಕು. ಚಳಿಗಾಲದ ರಾತ್ರಿಗಳಲ್ಲಿ ಬಳಸುವ ಹೀಟರ್‌ಗೆ ಥರ್ಮೋಸ್ಟಾಟ್ ಅಳವಡಿಸದಿದ್ದಲ್ಲಿ ಹಾವಿಗೆ ಸುಟ್ಟ ಗಾಯಗಳಾಗುತ್ತವೆ.
3. ಎರಡೂ ಬದಿಯಲ್ಲಿ ಅಡಗುತಾಣ, ಶುದ್ಧ ನೀರಿನ ಬಟ್ಟಲು ಇರಬೇಕು. ನೆಲಹಾಸಿಗೆ ತೆಂಗಿನ ನಾರಿನ ಪುಡಿ ಅಥವಾ ಕಾಗದ ಸೂಕ್ತ.
4. ಹಾವನ್ನು ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಬೇಕು. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ತಗಲಬಹುದು. ಚಿಕ್ಕ ಮಕ್ಕಳ ಕೈಗೆ ಕೊಡಬಾರದು.
5. ಸಾಕಲಾಗದಿದ್ದಲ್ಲಿ ತೋಟಕ್ಕಾಗಲಿ, ಕೆರೆಗಾಗಲಿ, ದೇವರಾಯನದುರ್ಗದ ಕಾಡಿಗಾಗಲಿ ಬಿಡಬಾರದು. ವಿದೇಶಿ ಹಾವಿನ ರೋಗಗಳು ಸ್ಥಳೀಯ ಹಾವುಗಳಿಗೆ ಹರಡುವ ಅಪಾಯವಿದೆ; ತಪ್ಪಿಸಿಕೊಂಡ ಹಾವು ಜನರ ಭಯಕ್ಕೆ ಬಲಿಯಾಗಲೂಬಹುದು.

ಮನೆಗೆ ಹಾವು ಬಂದಾಗ

ಸ್ಥಳೀಯ ಹಾವಿಗೆ ಹೊಲ, ಹುತ್ತ, ಕೆರೆಯಂಗಳಗಳೇ ವಸತಿ. ತೆಂಗಿನ ಎಳೆಗಾಯಿಯನ್ನೂ ರಾಗಿ ಕಣಜವನ್ನೂ ಹಾಳುಮಾಡುವ ಇಲಿಗಳನ್ನು ಅದು ನಿಯಂತ್ರಿಸುತ್ತದೆ. ಮನೆಯ ಸುತ್ತ ಇಲಿ, ತೆಂಗಿನ ಮಟ್ಟೆಯ ರಾಶಿ, ಕಲ್ಲುಗುಡ್ಡೆ ಇಲ್ಲದಂತೆ ನೋಡಿಕೊಂಡಲ್ಲಿ ಹಾವು ಬರುವುದು ಕಡಿಮೆಯಾಗುತ್ತದೆ. ಬಂದ ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಯತ್ನಿಸದೆ, ದೂರದಿಂದ ಗಮನಿಸುತ್ತಾ ಅರಣ್ಯ ಇಲಾಖೆಗೆ ತಿಳಿಸುವುದು. ವಿಷಪೂರಿತ ಕಟ್ಟುಹಾವನ್ನು ವಿಷರಹಿತ ತೋಳದ ಹಾವೆಂದು ತಪ್ಪಾಗಿ ಭಾವಿಸುವ ಸಾಧ್ಯತೆ ಇರುವುದರಿಂದ ಹವ್ಯಾಸಿಗಳು ಸ್ವತಃ ಹಿಡಿಯಲು ಮುಂದಾಗಬಾರದು.

ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಹಾಗೂ ನಾಟಿ ಮದ್ದಿಗಾಗಿ ಕಾಲಹರಣ ಮಾಡುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಉಂಗುರ, ಬಳೆಗಳನ್ನು ತೆಗೆದು, 108 ಆಂಬ್ಯುಲೆನ್ಸ್ ಮೂಲಕ ತುಮಕೂರು ಜಿಲ್ಲಾ ಆಸ್ಪತ್ರೆಗೆ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ತಕ್ಷಣ ಕರೆದೊಯ್ಯತಕ್ಕದ್ದು. ವಿಷಕ್ಕೆ ಪ್ರತಿವಿಷ ಚುಚ್ಚುಮದ್ದೇ ಸಾಬೀತಾದ ಚಿಕಿತ್ಸೆ. 2024ರಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ.