ಓಲೆಯಿಂದ ಅಚ್ಚಿಗೆ: ಮೂಡಬಿದಿರೆಯ ಧವಳ ಗ್ರಂಥಗಳು

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದು ಅಲ್ಲಿ ರಕ್ಷಿತವಾಗಿದ್ದ ಧವಳ, ಜಯಧವಳ, ಮಹಾಧವಳವೆಂಬ ಸಿದ್ಧಾಂತ ಗ್ರಂಥಗಳಿಂದ. ಪುಷ್ಪದಂತ–ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ವ್ಯಾಖ್ಯಾನವೇ ಧವಳ. ಗುಣಧರರ ಕಷಾಯಪ್ರಾಭೃತಕ್ಕೆ ಅವರು ತೊಡಗಿದ ಜಯಧವಳವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಈ ಕೃತಿಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಓಲೆಗಳ ಲಿಪಿ ಮಾತ್ರ ಹಳಗನ್ನಡ. ಶತಮಾನಗಳ ಕಾಲ ಇವು ಓದಿಗಿಂತ ದರ್ಶನ–ಪೂಜೆಗಳಿಗೇ ಹೆಚ್ಚಾಗಿ ಮೀಸಲಾಗಿದ್ದವು.

ಓಲೆಗಳು ಶಿಥಿಲವಾಗುತ್ತಿದ್ದುದನ್ನು ಕಂಡು ಮುಂಬಯಿ, ಸೊಲ್ಲಾಪುರಗಳ ಜೈನ ಶ್ರೀಮಂತರು ಪ್ರತಿಲೇಖನಕ್ಕೆ ಮುಂದಾದರು. 1896ರ ಸುಮಾರಿಗೆ ಬ್ರಹ್ಮಸೂರಿ ಶಾಸ್ತ್ರಿಗಳಿಂದ ಆರಂಭವಾಗಿ ಗಜಪತಿ ಉಪಾಧ್ಯಾಯರು ಮುಂದುವರಿಸಿದ ಈ ಕಾರ್ಯವು 1922ರ ಹೊತ್ತಿಗೆ ಮುಗಿಯಿತು. ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬುದು ಪಾಲಕರ ನಿಲುವಾಗಿತ್ತು. ಆದರೂ ಗುಟ್ಟಾಗಿ ಸಿದ್ಧವಾದ ಒಂದು ಪ್ರತಿಯು ಸಹಾರನಪುರವನ್ನು ತಲುಪಿತು; ಅದರ ಪ್ರತಿಗಳಿಂದಲೇ ಗ್ರಂಥವು ಉತ್ತರಭಾರತದ ವಿದ್ವಾಂಸರ ಕೈಸೇರಿತು.

ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟವು 1939ರಲ್ಲಿ ಅಚ್ಚಾಯಿತು. ಮುಂದೆ ಅದು 16 ಸಂಪುಟಗಳಿಗೆ ಬೆಳೆಯಿತು. ಮೊದಲ ಸಂಪುಟದ 93ನೆಯ ಸೂತ್ರವು ಮಾನುಷಿಯರ, ಎಂದರೆ ಮನುಷ್ಯಸ್ತ್ರೀಯರ, ಗುಣಸ್ಥಾನಗಳನ್ನು ಕುರಿತದ್ದು. ಪೂರ್ಣ ಸಂಯಮವನ್ನು ಸೂಚಿಸುವ ‘ಸಂಜದ’ ಎಂಬ ಪದವು ಸಂಪಾದಕರ ಬಳಿಯಿದ್ದ ಪ್ರತಿಗಳಲ್ಲಿರಲಿಲ್ಲ. ಅರ್ಥಸಂಗತಿಯನ್ನು ಪರಿಶೀಲಿಸಿದ ಅವರು ಅಲ್ಲಿ ಆ ಪದವಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಅದೇ ಜನ್ಮದಲ್ಲಿ ಮೋಕ್ಷವನ್ನು ಒಪ್ಪದ ದಿಗಂಬರ ಪರಂಪರೆಯಲ್ಲಿ ಇದು ತೀವ್ರ ವಿವಾದಕ್ಕೆ ಕಾರಣವಾಯಿತು. ಸೂತ್ರವು ದೇಹವನ್ನಲ್ಲ, ಭಾವಸ್ತ್ರೀತ್ವವನ್ನು ಕುರಿತದ್ದೆಂಬ ಸಮಾಧಾನವೂ ಬಂತು. ಆ ಪದವು ಮೂಲದಲ್ಲಿ ಇದೆಯೆಂಬುದು ಖಚಿತವಾದದ್ದು ಮೂಡಬಿದಿರೆಯ ಓಲೆಗಳನ್ನು ಓದಿ ಪಾಠವನ್ನು ತಾಳೆನೋಡಿದಾಗ.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮುದ್ರಣವಿಲ್ಲದಿದ್ದರೆ ಲೋಪವು ವಿದ್ವಾಂಸರ ಚರ್ಚೆಗೆ ಬರುತ್ತಿರಲಿಲ್ಲ. ಓಲೆ ಉಳಿಯದಿದ್ದರೆ ಚರ್ಚೆಯು ತೀರುತ್ತಿರಲಿಲ್ಲ. ಇವೆರಡರ ನಡುವೆ ನಿಂತವರು ಹಳಗನ್ನಡ ಲಿಪಿಯನ್ನು ಬಲ್ಲ ಸ್ಥಳೀಯ ಪಂಡಿತರು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯೂ ಇದೇ ವಿದ್ವತ್ತೆಯ ಫಲ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾದ ಮೇಲೆ ಹಸ್ತಪ್ರತಿಗಳ ಗಣಕೀಕರಣಕ್ಕೆ ದೇಶವ್ಯಾಪಿ ಒತ್ತು ದೊರೆಯಿತು. ಯಂತ್ರವು ಓಲೆಯ ಬಿಂಬವನ್ನು ಉಳಿಸಿಕೊಡಬಲ್ಲುದು. ಬಿಟ್ಟುಹೋದ ಪದವನ್ನು ಗುರುತಿಸುವುದಕ್ಕೆ ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲ ಓದುಗನೇ ಬೇಕು. ಅಂಥವರನ್ನು ಸಿದ್ಧಗೊಳಿಸುವ ಕಾರ್ಯವು ಗಣಕೀಕರಣದೊಡನೆಯೇ ನಡೆಯಬೇಕಾಗಿದೆ.